ಸ್ವಂತ ಕಸೂತಿ ಡಿಸೈನ್ ಎಲ್ಲಿಂದ ತರುವುದು? ಮಂಗಳೂರು, ಉಡುಪಿಯವರು ಹೇಳಿ

ಕೊಟ್ಟಾರದ ಸೂಜಿ | ಜುಲೈ 4

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಕೈಕಸೂತಿ ಮಾಡುತ್ತಿದ್ದೇನೆ. ಟೇಬಲ್ ಕ್ಲಾತ್, ದಿಂಬಿನ ಕವರು, ಸೀರೆ ಸೆರಗು, ಮಕ್ಕಳ ಫ್ರಾಕು. ಕೈ ಪಳಗಿದೆ. ಹೊಲಿಗೆ ಚೆನ್ನಾಗಿದೆ ಅಂತ ನೋಡಿದವರು ಹೇಳುತ್ತಾರೆ.

ಕಳೆದ ತಿಂಗಳು ಒಂದು ಮೇಳದಲ್ಲಿ ಮಳಿಗೆ ಹಾಕಿದ್ದೆ. ಒಬ್ಬರು ಅಮ್ಮ ಬಂದು ನನ್ನ ಲ್ಯಾವೆಂಡರ್ ಹೂವಿನ ಟೇಬಲ್ ಕ್ಲಾತನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮೊಬೈಲ್ ತೆಗೆದು ಅದೇ ಡಿಸೈನ್ ತೋರಿಸಿದರು. ಅದೇ ಗೊಂಚಲು, ಅದೇ ರಿಬ್ಬನ್, ರಿಬ್ಬನ್ನಿನ ಮಡಿಕೆ ಕೂಡ ಅದೇ. ಹೌದು, ಪಿಂಟರೆಸ್ಟ್‌ನಿಂದ ತೆಗೆದದ್ದು ಅಂದೆ. ಅವರು ಬೈಯಲಿಲ್ಲ. "ಲ್ಯಾವೆಂಡರ್ ಗಿಡ ನೀವು ನೋಡಿದ್ದೀರಾ ಮಗಳೇ?" ಅಂತ ಕೇಳಿದರು, ಅಷ್ಟೆ. ನಾನು ನೋಡಿಲ್ಲ.

ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಖಾಲಿ ಬಟ್ಟೆ ರಿಂಗಿಗೆ ಹಾಕಿ ಕೂರುತ್ತೇನೆ, ಏನೂ ಹೊಳೆಯುವುದಿಲ್ಲ. ಚಿತ್ರ ಬಿಡಿಸಲು ಕಲಿತವಳಲ್ಲ. ಇನ್ನೊಬ್ಬರದ್ದನ್ನು ಹೊಲಿಯುವುದಕ್ಕೆ ಈಗ ಮನಸ್ಸು ಒಪ್ಪುವುದಿಲ್ಲ. ನಿಮಗೆಲ್ಲ ಡಿಸೈನ್ ಎಲ್ಲಿಂದ ಬರುತ್ತದೆ? ಹೇಗೆ ಶುರು ಮಾಡುತ್ತೀರಿ? ದಯವಿಟ್ಟು ಬಿಡಿಸಿ ಹೇಳಿ.

ಉಡುಪಿ ನೂಲು | ಜುಲೈ 4

ಅಕ್ಕ, ನನ್ನದೇ ಕತೆ ಓದಿದ ಹಾಗಾಯ್ತು. ಅನುಭವ ಇದ್ದವರು ಬರೆಯಿರಿ ಮಾರಾಯ್ರೆ, ನಾನೂ ಕಾಯುತ್ತಿದ್ದೇನೆ.

ಮಲ್ಪೆ ಕಡಲಕರೆ | ಜುಲೈ 5

ಸೂಜಿ ಅಕ್ಕ, ನಿಮ್ಮ ಲ್ಯಾವೆಂಡರ್ ಓದಿ ನನ್ನ ಬಂಗುಡೆ ನೆನಪಾಯಿತು.

ಎರಡು ವರ್ಷದ ಹಿಂದೆ ಊಟದ ಮೇಜಿಗೆ ಒಂದು ರನ್ನರ್ ಹೊಲಿಯಲು ಹೊರಟೆ. ನಮ್ಮದು ಮೀನಿನವರ ಮನೆ, ಬಂಗುಡೆಯೇ ಇರಲಿ ಅಂದುಕೊಂಡೆ. ನೆಟ್‌ನಲ್ಲಿ ಮ್ಯಾಕರೆಲ್ ಅಂತ ಹುಡುಕಿ ಚಂದದ ಒಂದು ಚಿತ್ರ ಟ್ರೇಸ್ ಮಾಡಿದೆ. ಬೆನ್ನಿನ ಮೇಲೆ ಅಡ್ಡಡ್ಡ ಅಲೆ ಅಲೆಯಾಗಿ ಕಪ್ಪು ಪಟ್ಟೆ. ಹದಿನೈದು ದಿನ ಕೂತು ಮುಗಿಸಿ ಅತ್ತೆಗೆ ತೋರಿಸಿದೆ. ಅವರು ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೊಲಿಗೆ ಲಾಯ್ಕ ಉಂಟು. ಆದರೆ ಇದು ಬಂಗುಡೆ ಅಲ್ಲ ಮಗಾ" ಅಂದರು.

ಮರುದಿನ ಬೆಳಿಗ್ಗೆ ಅವರೇ ಒಂದು ಹಸಿ ಬಂಗುಡೆ ತಂದು ಬಾಳೆ ಎಲೆಯ ಮೇಲೆ ಇಟ್ಟು ನನ್ನನ್ನು ಎದುರು ಕೂರಿಸಿದರು. ನಮ್ಮ ಬಂಗುಡೆಗೆ ಅಡ್ಡ ಪಟ್ಟೆ ಇಲ್ಲವೇ ಇಲ್ಲ! ತಲೆಯಿಂದ ಬಾಲದ ಕಡೆಗೆ ಉದ್ದುದ್ದ ಸಣ್ಣ ಗೆರೆಗಳು. ಮೀನು ಹಸಿ ಇರುವಾಗ ಆ ಗೆರೆಗೆ ಚಿನ್ನದ ಹೊಳಪು ಉಂಟು. ಬೆನ್ನಿನ ರೆಕ್ಕೆಯ ಬುಡದಲ್ಲಿ ಸಾಲಾಗಿ ಸಣ್ಣ ಚುಕ್ಕಿ. ಕಿವಿರಿನ ಪಕ್ಕದ ರೆಕ್ಕೆ ಇದೆಯಲ್ಲ, ಅದರ ಕೆಳ ಅಂಚಿನ ಹತ್ತಿರ ಒಂದೇ ಒಂದು ಕಪ್ಪು ಬೊಟ್ಟು. ನಾನು ಟ್ರೇಸ್ ಮಾಡಿದ್ದು ಅಟ್ಲಾಂಟಿಕ್ ಸಮುದ್ರದ ಮೀನು. ಹುಟ್ಟಿದಾಗಿನಿಂದ ಬಂಗುಡೆ ತೊಳೆದು, ಕೊಯ್ದು, ತಿಂದಿದ್ದೇನೆ. ಅದರ ಮೈ ಮೇಲೆ ಏನುಂಟು ಅಂತ ಅವತ್ತಿನ ತನಕ ನೋಡಿರಲಿಲ್ಲ.

ರನ್ನರ್ ಮತ್ತೆ ಹೊಲಿದೆ. ಗೆರೆಗೆ ಹಳದಿ ರೇಷ್ಮೆ ನೂಲು ಒಂದೇ ಎಳೆ, ಸ್ಟೆಮ್ ಸ್ಟಿಚ್. ಚುಕ್ಕಿಗೆ ಫ್ರೆಂಚ್ ನಾಟ್, ಅಂದರೆ ನೂಲು ಸುತ್ತಿ ಎಬ್ಬಿಸುವ ಸಣ್ಣ ಗಂಟು. ಹೊಟ್ಟೆಗೆ ನೂಲೇ ಹಾಕಲಿಲ್ಲ, ಬಿಳಿ ಬಟ್ಟೆಯನ್ನೇ ಬಿಟ್ಟೆ. ಅತ್ತೆ ಅದನ್ನು ಈಗ ಯಾರು ಬಂದರೂ ತೆಗೆದು ತೋರಿಸುತ್ತಾರೆ.

ಒಂದು ವಸ್ತು ತಂದು ಎದುರಿಗೆ ಇಟ್ಟುಕೊಳ್ಳಿ ಅಕ್ಕ. ಫೋಟೋ ಬೇಡ, ವಸ್ತುವೇ ಬೇಕು. ಟ್ರಾಲ್ ಬೋಟಿಗೆ ಜುಲೈ 31ರವರೆಗೆ ರಜೆ. ಆದರೂ ನಾಡದೋಣಿಯವರು ಕಡಲು ನೋಡಿಕೊಂಡು ಹೋಗುತ್ತಾರೆ. ಹಸಿ ಮೀನು ಸಿಕ್ಕಿದರೆ ಮೊದಲು ನೋಡಿ, ಆಮೇಲೆ ಕೊಯ್ಯಿರಿ.

ಧಾರವಾಡದ ಸೊಸೆ | ಜುಲೈ 5

ಕಡಲಕರೆ ಅವರ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ನಾನು ಧಾರವಾಡದವಳು, ಮದುವೆಯಾಗಿ ಉಡುಪಿಗೆ ಬಂದವಳು. ನಮ್ಮಜ್ಜಿ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದರು. ಗವಂತಿ, ಮುರ್ಗಿ, ನೇಯ್ಗೆ, ಹೆಂತೆ, ಈ ನಾಲ್ಕೇ ಹೊಲಿಗೆ. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಎಳೆ ಎಣಿಸಿಯೇ ಹೊಲಿಯುವುದು. ಗಂಟು ಹಾಕುವ ಹಾಗಿಲ್ಲ. ಗವಂತಿ ಆದರೆ ಎರಡೂ ಬದಿ ಒಂದೇ ಥರ ಕಾಣಬೇಕು.

ಗೋಪುರ, ತುಳಸಿ ವೃಂದಾವನ, ತೇರು, ಆನೆ, ನವಿಲು. ಆ ಹೆಂಗಸರು ಅಂಗಳದಲ್ಲಿ, ಜಾತ್ರೆಯಲ್ಲಿ ಕಂಡದ್ದನ್ನೇ ಸೀರೆಗೆ ತಂದರು. ನಿಮಗೆ ಚಿತ್ರ ಬರುವುದಿಲ್ಲ ಅಂದಿರಿ. ನಮ್ಮಜ್ಜಿಗೂ ಬರುತ್ತಿರಲಿಲ್ಲ, ಎಣಿಸಲು ಬರುತ್ತಿತ್ತು. ಒಂದು ಗ್ರಾಫ್ ಪುಸ್ತಕ ತನ್ನಿ, ಚೌಕ ತುಂಬಿಸುತ್ತ ಹೋಗಿ.

ನಾನು ಇಲ್ಲಿಗೆ ಬಂದ ಮೇಲೆ ರಥಬೀದಿಯ ತೇರನ್ನು ಕಸೂತಿಗೆ ತರಲು ಕೂತೆ. ಅಜ್ಜಿ ಹಾಕುತ್ತಿದ್ದ ತೇರು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಚೂಪಾಗುತ್ತದೆ. ಇಲ್ಲಿಯ ತೇರಿನ ಮೇಲ್ಭಾಗ ದುಂಡು. ಎಣಿಕೆ ಹೊಲಿಗೆಯಲ್ಲಿ ದುಂಡು ತರುವುದು ಬಹಳ ಕಷ್ಟ. ಎಂಟು ಸಲ ಬಿಡಿಸಿ ಅಳಿಸಿದೆ. ಬದಿಯಲ್ಲಿ ಮೆಟ್ಟಿಲು ಎತ್ತರ ಇರಬೇಕು, ನೆತ್ತಿಗೆ ಬಂದ ಹಾಗೆ ಅಗಲ ಆಗಬೇಕು ಅಂತ ಆಗ ತಿಳಿಯಿತು. ಹೊಲಿಗೆ ನಮ್ಮಜ್ಜಿಯದು, ತೇರು ಉಡುಪಿಯದು. ಹಿಂದೆ ಯಾರೂ ಹಾಕದ ಹೊಲಿಗೆ ಹುಡುಕುವ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬೆಂದೂರಿನ ಕ್ರೋಶಾ ಟೀಚರ್ | ಜುಲೈ 6

ನನಗೆ 71 ವರ್ಷ. ನಾನು ಹೇಳುತ್ತೇನೆ, ಮೊಮ್ಮಗಳು ಟೈಪ್ ಮಾಡುತ್ತಾಳೆ.

ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಎಲ್ಲರೂ ನೋಡಿರುತ್ತೀರಿ. ಇಟಲಿಯಿಂದ ಬಂದ ಬ್ರದರ್ ಆಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಚಾವಣಿ ಎಲ್ಲ ತುಂಬಿಸಿ ಬಿಡಿಸಿದ್ದು. ಹೋದವರೆಲ್ಲ ಸಂತರ ಮುಖ ನೋಡುತ್ತಾರೆ. ನಾನು ಸಣ್ಣವಳಿದ್ದಾಗಿನಿಂದ ಚಿತ್ರಗಳ ಅಂಚು ನೋಡುತ್ತಿದ್ದೆ. ಬಳ್ಳಿ, ಎಲೆ, ಸುರುಳಿ. ಒಂದು ಎಲೆ ಎಲ್ಲಿ ತಿರುಗುತ್ತದೆ, ಮೂಲೆಯಲ್ಲಿ ಬಳ್ಳಿ ಹೇಗೆ ಮಡಚಿಕೊಳ್ಳುತ್ತದೆ. ಲೇಸ್ ಹಾಕುವವರಿಗೆ ಮೂಲೆಯದ್ದೇ ಚಿಂತೆ. ನೇರ ಯಾರು ಬೇಕಾದರೂ ಹಾಕುತ್ತಾರೆ, ಮೂಲೆ ತಿರುಗಿಸುವಾಗ ಕೈ ಗೊತ್ತಾಗುತ್ತದೆ. ನನ್ನ ಮದುವೆಯ ಟೇಬಲ್ ಕ್ಲಾತಿನ ಮೂಲೆ ಆ ಚಾಪೆಲ್‌ನಲ್ಲಿ ನೋಡಿ ಕಲಿತದ್ದು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಹೋಗಿ. 1430ರ ಕಟ್ಟಡ. ಕಂಬದಿಂದ ಕಂಬಕ್ಕೆ ಕೆತ್ತನೆ ಬೇರೆ. ಎಲ್ಲ ನೋಡಲು ಹೋಗಬೇಡ ಮಗಳೇ, ತಲೆ ತಿರುಗುತ್ತದೆ. ಒಂದು ಕಂಬದ ಹತ್ತಿರ ಕೂತು ಒಂದು ಪಟ್ಟಿ ಮಾತ್ರ ಬರೆದುಕೊಂಡು ಬಾ.

ಸುರತ್ಕಲ್ ಆರಿ ವರ್ಕ್ | ಜುಲೈ 7

ಎಲ್ಲ ಓದಿದೆ. ಚಂದ ಉಂಟು. ಆದರೆ ನಾನು ಹೊಟ್ಟೆಪಾಡಿಗೆ ಮದುವೆ ಬ್ಲೌಸ್ ಮಾಡುವವಳು. ಗಿರಾಕಿ ಮೊಬೈಲ್ ಹಿಡಿದೇ ಅಂಗಡಿಗೆ ಬರುವುದು. "ಇದೇ ಬೇಕು, ಹೀಗೇ ಬೇಕು" ಅನ್ನುತ್ತಾರೆ. ನಾನು ಬಂಗುಡೆ ನೋಡುತ್ತ ಕೂತರೆ ಬಾಡಿಗೆ ಯಾರು ಕಟ್ಟುತ್ತಾರೆ? ಕೋಪದಿಂದ ಹೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಮಲ್ಪೆ ಕಡಲಕರೆ | ಜುಲೈ 7

ನಿಮ್ಮ ಪ್ರಶ್ನೆ ಸರಿ ಉಂಟು ಅಕ್ಕ. ನಾನೂ ಆರ್ಡರ್ ಬಂದದ್ದನ್ನು ಬಿಡುವುದಿಲ್ಲ. ಆದರೆ ಗಿರಾಕಿ ಕೇಳಿದ ಡಿಸೈನಿನಲ್ಲಿ ತೋಳಿನ ಅಂಚು ಮಾತ್ರ ನನಗೆ ಬಿಡಿ ಅಂತ ಕೇಳಿ ನೋಡಿ. ಕಳೆದ ವರ್ಷ ಒಬ್ಬ ಮದುಮಗಳಿಗೆ ತೋಳಿಗೆ ಮಲ್ಲಿಗೆ ದಂಡೆ ಹಾಕಿಕೊಟ್ಟೆ. ಶಂಕರಪುರದ ಮಲ್ಲಿಗೆ ಚೆಂಡು ಹೇಗೆ ಕಟ್ಟುತ್ತಾರೋ ಹಾಗೇ, ಮೊಗ್ಗು ಒತ್ತೊತ್ತಾಗಿ, ನಡುವೆ ಬಾಳೆ ನಾರಿನ ಗೆರೆ ಕಾಣುವ ಹಾಗೆ. ಆ ನಾರಿನ ಗೆರೆಗೆ ತಿಳಿ ಕಂದು ಜರಿ ಎಳೆದೆ. ಅವಳ ತಂಗಿ ಅದನ್ನೇ ಕೇಳಿಕೊಂಡು ಬಂದಳು.

ಸುರತ್ಕಲ್ ಆರಿ ವರ್ಕ್ | ಜುಲೈ 7

ತೋಳಿನ ಅಂಚು ಕೇಳಬಹುದು. ಆಷಾಢದಲ್ಲಿ ಕೆಲಸ ಕಡಿಮೆ, ಒಂದು ಮಾದರಿ ಮಾಡಿ ಅಂಗಡಿಯಲ್ಲಿ ತೂಗುಹಾಕುತ್ತೇನೆ.

ಕೆಂಪುನೂಲು ಹೆಬ್ರಿ | ಜುಲೈ 9

ನನಗೆ ತುಂಬ ಇಷ್ಟವಾದ ಒಂದು ವಿಷಯ ಹೇಳಬೇಕು. ಕಾವಿ ಕಲೆ.

ನನ್ನ ತವರು ಕುಮಟಾ ಕಡೆ. ಗೋವಾದಿಂದ ಹಿಡಿದು ನಮ್ಮ ಕರಾವಳಿಯ ತನಕ ಹಳೆಯ ದೇವಸ್ಥಾನ, ದೊಡ್ಡ ಮನೆಗಳ ಗೋಡೆಯಲ್ಲಿ ಬಿಳಿ ಮೇಲೆ ಕೆಂಪು ಚಿತ್ರ ಕಾಣುತ್ತದಲ್ಲ, ಅದು. ಸುಮ್ನೆ ಬಣ್ಣ ಬಳಿದದ್ದಲ್ಲ. ಮೊದಲು ಸುಣ್ಣದ ಗಾರೆ. ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ತೆಳು ಪದರ. ಅದು ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಗೀರುತ್ತಾರೆ. ಕೆಂಪು ಹೋದಲ್ಲಿ ಕೆಳಗಿನ ಬಿಳಿ ಎದ್ದು ಬರುತ್ತದೆ. ಒಣಗಿದ ಮೇಲೆ ತಿದ್ದಲು ಬರುವುದಿಲ್ಲ. ಎರಡೇ ಬಣ್ಣ, ನೆರಳು ಇಲ್ಲ, ಒಂದು ಹೂವಿಗೆ ಎಷ್ಟು ಗೆರೆ ಬೇಕೋ ಅಷ್ಟೇ.

ಸಣ್ಣವಳಿದ್ದಾಗ ದೇವಸ್ಥಾನದ ಗೋಡೆಗೆ ಒರಗಿ ಕೂತು ಆ ಗೀರಿನಲ್ಲಿ ಬೆರಳಾಡಿಸುತ್ತಿದ್ದೆ. ಬಳ್ಳಿಯ ಗೀರು ಒಂದು ಕಡೆ ಆಳ, ಒಂದು ಕಡೆ ತೇಲಿ ಹೋಗುತ್ತದೆ. ಕೈ ಒತ್ತಿದ್ದು ಎಲ್ಲಿ, ಸಡಿಲ ಬಿಟ್ಟದ್ದು ಎಲ್ಲಿ ಅಂತ ಬೆರಳಿಗೆ ತಿಳಿಯುತ್ತದೆ. ಅದನ್ನು ಹೊಲಿಗೆಗೆ ಹೀಗೆ ತಂದೆ: ಆಳದ ಕಡೆ ಮೂರು ಎಳೆ, ತೇಲುವ ಕಡೆ ಒಂದು ಎಳೆ. ಕೆಂಪು ನೂಲು ಬಿಟ್ಟು ಬೇರೆ ಬಣ್ಣ ನಾನು ಈಗ ಆರು ವರ್ಷದಿಂದ ಕೊಂಡಿಲ್ಲ.

ಖಾಲಿ ಬಟ್ಟೆ ನೋಡಿ ಹೆದರುವವರಿಗೆ ಇದು ಒಳ್ಳೆಯ ದಾರಿ. ಬಣ್ಣದ ಯೋಚನೆಯೇ ಇಲ್ಲದಿದ್ದರೆ ಮನಸ್ಸು ಪೂರ್ತಿ ಗೆರೆಯ ಮೇಲೆ ನಿಲ್ಲುತ್ತದೆ.

ಉಡುಪಿ ನೂಲು | ಜುಲೈ 9

ಮೂರು ದಿನದಿಂದ ಒಂದು ಮಟ್ಟು ಗುಳ್ಳ ಬದನೆ ಎದುರಿಗೆ ಇಟ್ಟುಕೊಂಡಿದ್ದೇನೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದ ನಮ್ಮ ಊರಿನ ಗುಳ್ಳ. ತಿಳಿ ಹಸಿರು ಮೈ, ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಬಿಳಿ ಗೀರು ತೊಟ್ಟಿನ ಕೆಳಗೆ ಒಂದು ಥರ, ಬುಡದಲ್ಲಿ ಇನ್ನೊಂದು ಥರ. ಅಮ್ಮ ಸಾಂಬಾರಿಗೆ ಕೇಳುತ್ತಿದ್ದಾರೆ, ಇನ್ನೊಂದು ದಿನ ಬಿಡಿ ಅಂದಿದ್ದೇನೆ.

ಚೌಕಿಮನೆ | ಜುಲೈ 12

ನಾನು ಕಸೂತಿಯವನಲ್ಲ. ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕೆಲಸ ಮಾಡಿದವ. ಹೆಂಡತಿ ಈ ಚರ್ಚೆ ತೋರಿಸಿದಳು.

ತೆಂಕುತಿಟ್ಟಿನ ಬಣ್ಣದ ವೇಷವನ್ನು ಚೌಕಿಯಲ್ಲಿ ಹತ್ತಿರದಿಂದ ನೋಡಿ. ರಾಕ್ಷಸ ಪಾತ್ರದ ಮುಖಕ್ಕೆ ಚುಟ್ಟಿ ಇಡುತ್ತಾರೆ. ಅಕ್ಕಿ ಹಿಟ್ಟು, ಸುಣ್ಣ ಸೇರಿಸಿ ಕಲಸಿ, ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು, ಒಂದೊಂದೇ ಮುಳ್ಳು ಎಬ್ಬಿಸುವುದು. ಹುಬ್ಬಿನ ಮೇಲೆ, ಕೆನ್ನೆಯ ಮೇಲೆ, ಸಾಲು ಸಾಲು. ಗಂಟೆಗಟ್ಟಲೆ ಬೇಕು. ವೇಷಧಾರಿ ಅಷ್ಟು ಹೊತ್ತು ಮುಖ ಅಲ್ಲಾಡಿಸುವ ಹಾಗಿಲ್ಲ. ನನ್ನ ಹೆಂಡತಿ ಮೊದಲ ಸಲ ನೋಡಿದಾಗ "ಇದು ನಮ್ಮ ಫ್ರೆಂಚ್ ನಾಟ್ ಅಲ್ವಾ" ಅಂದಳು. ಅವಳು ಕಪ್ಪು ಬಟ್ಟೆಯ ಚೀಲಕ್ಕೆ ಆ ಸಾಲನ್ನು ಮಾತ್ರ ಹೊಲಿದಿದ್ದಾಳೆ. ಮುಖ ಇಲ್ಲ, ಕಣ್ಣು ಇಲ್ಲ, ಚುಟ್ಟಿಯ ಎರಡು ಕಮಾನು ಅಷ್ಟೆ. ಆಟ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಪಡುಬಿದ್ರಿ ಪಟ್ಟೆ | ಜುಲೈ 12

ಅಣ್ಣ, ಹಾಗಾದರೆ ದೈವದ ಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿ, ಮುಖವರ್ಣಿಕೆ ಹೊಲಿಯಬಹುದಾ? ಆ ಕೆಂಪು, ಹಳದಿ, ಆ ಗೆರೆಗಳು ಅಷ್ಟು ಚಂದ. ದಿಂಬಿನ ಕವರಿಗೆ ಯೋಚನೆ ಮಾಡುತ್ತಿದ್ದೆ.

ಚೌಕಿಮನೆ | ಜುಲೈ 13

ಬೇಡ ತಂಗಿ. ಯಕ್ಷಗಾನದ ವೇಷ ಕಲೆ, ಬಣ್ಣ ತೆಗೆದ ಮೇಲೆ ಅವರು ಮನುಷ್ಯರು. ದೈವ ಹಾಗಲ್ಲ. ಆ ಬಣ್ಣ ಹಚ್ಚಿಕೊಳ್ಳುವವರು ವ್ರತ ಹಿಡಿದು ಹಚ್ಚಿಕೊಳ್ಳುತ್ತಾರೆ. ದಿಂಬಿಗೆ ತಲೆ ಇಡುತ್ತೇವೆ, ಕಾಲು ತಾಗುತ್ತದೆ, ಬಕೆಟಿಗೆ ಹಾಕಿ ಒಗೆಯುತ್ತೇವೆ. ನಂಬಿದ ಮನೆಯವರು ನೋಡಿದರೆ ಅವರಿಗೆ ನೋವಾಗುತ್ತದೆ.

ಬಣ್ಣ, ಪಟ್ಟೆ ಬೇಕಾದರೆ ಪಿಲಿವೇಷ ಉಂಟು. ಹುಲಿಯ ಪಟ್ಟೆ ಬರೆಯುವವರು ಮೈ ಕಟ್ಟು ನೋಡಿ ಬರೆಯುತ್ತಾರೆ. ತೋಳು ದಪ್ಪ ಇರುವಲ್ಲಿ ಪಟ್ಟೆ ಅಗಲ, ಮೊಣಕೈ ಹತ್ತಿರ ಸಣ್ಣ. ನವರಾತ್ರಿಗೆ ಬಣ್ಣ ಹಾಕುವಲ್ಲಿಗೆ ಹೋಗಿ, ಬರೆಯುವವರ ಹಿಂದೆ ನಿಂತು ನೋಡಿ. ಮದುವೆ ಚಪ್ಪರಕ್ಕೆ ತೆಂಗಿನ ಗರಿ ಹೆಣೆಯುವುದೂ ಒಳ್ಳೆಯ ಡಿಸೈನ್.

ಪಡುಬಿದ್ರಿ ಪಟ್ಟೆ | ಜುಲೈ 13

ಸರಿ ಅಣ್ಣ. ನಾನು ಅಷ್ಟು ಯೋಚಿಸಿರಲಿಲ್ಲ. ದಿಂಬಿನ ಕವರು ಮಾಡುವುದಿಲ್ಲ.

ಕೆಂಪುನೂಲು ಹೆಬ್ರಿ | ಜುಲೈ 13

ಚೌಕಿಮನೆ ಅಣ್ಣ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನೋಡಿದ್ದೆಲ್ಲ ನಮ್ಮ ಬಟ್ಟೆಗೆ ಬರಬೇಕು ಅಂತ ಇಲ್ಲ.

ಮಣಿಪಾಲದ ವಿದ್ಯಾರ್ಥಿ | ಜುಲೈ 15

ನಾನು ಚಿತ್ರಕಲೆ ಓದುತ್ತಿದ್ದೇನೆ, ಕೌದಿ ಹೊಲಿಯುವುದು ಹವ್ಯಾಸ. ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬ ನೋಡಿದ್ದೀರಲ್ಲ. ಲಾವಾ ತಣಿಯುವಾಗ ಕುಗ್ಗಿ ಬಿರುಕು ಬಿಟ್ಟು ಆದದ್ದು. ಎಲ್ಲರೂ ಆರು ಮೂಲೆ ಅನ್ನುತ್ತಾರೆ. ಎಣಿಸಿದರೆ ಐದು ಮೂಲೆಯದ್ದೂ ಸಿಗುತ್ತದೆ, ಏಳರದ್ದೂ ಸಿಗುತ್ತದೆ. ಅದನ್ನು ನೋಡಿದ ಮೇಲೆ ಕೌದಿಯ ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸುವುದು ಬಿಟ್ಟೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಮಳೆ ನಿಂತ ಮೇಲೆ ಹೋಗಿ.

ಸೂಜಿ ಅಕ್ಕನಿಗೆ ಒಂದು ಉಪಾಯ. ನಮ್ಮ ಕೃಷ್ಣ ಮಠದಲ್ಲಿ ದೇವರನ್ನು ನೋಡುವುದು ನವಗ್ರಹ ಕಿಂಡಿಯಿಂದ, ಒಂಬತ್ತು ತೂತಿನಿಂದ. ಪೂರ್ತಿ ಒಟ್ಟಿಗೆ ಕಾಣುವುದಿಲ್ಲ. ಆದ್ದರಿಂದಲೇ ಕಣ್ಣು ನಿಂತು ನೋಡುತ್ತದೆ. ನಾನು ಒಂದು ದಪ್ಪ ಕಾಗದದಲ್ಲಿ ಒಂಬತ್ತು ಸಣ್ಣ ಚೌಕ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಗೋಡೆ, ಮರದ ತೊಗಟೆ, ಎಲೆ, ಯಾವುದರ ಮೇಲೆ ಇಟ್ಟರೂ ಒಂಬತ್ತು ಚಿತ್ರ. ಒಂದು ಚೌಕ ಆರಿಸಿ ಅದನ್ನು ಮಾತ್ರ ದೊಡ್ಡದು ಮಾಡಿ ಬರೆಯಿರಿ. ಚಿತ್ರ ಕಲಿತಿರಬೇಕು ಅಂತ ಇಲ್ಲ.

ಸುರತ್ಕಲ್ ಆರಿ ವರ್ಕ್ | ಜುಲೈ 15

ಬರೆದದ್ದನ್ನು ಬಟ್ಟೆಗೆ ಇಳಿಸುವುದು ಕಾರ್ಬನ್ ಪೇಪರಿನಲ್ಲಿ ಬೇಡ, ತಿಳಿ ಬಟ್ಟೆಯಲ್ಲಿ ಕಲೆ ಉಳಿಯುತ್ತದೆ. ಬಟರ್ ಪೇಪರಿಗೆ ಚಿತ್ರ ತೆಗೆದು ಗೆರೆಯ ಮೇಲೆ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ. ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿ, ಹತ್ತಿಯಲ್ಲಿ ಅದ್ದಿ, ಹಿಂಡಿ, ಮೆತ್ತಗೆ ಒರೆಸಿ. ಹತ್ತಿ ಜಾಸ್ತಿ ಒದ್ದೆಯಾದರೆ ಹರಡುತ್ತದೆ. ಕಪ್ಪು ಬಟ್ಟೆಗೆ ನೀಲಿಯ ಬದಲು ಬಿಳಿ ಜಿಂಕ್ ಪುಡಿ. ಒಂದು ಪೇಪರ್ ಎಷ್ಟೋ ಸಲ ಬರುತ್ತದೆ.

ಕೊಟ್ಟಾರದ ಸೂಜಿ | ಆಗಸ್ಟ್ 11

ತಡವಾಗಿ ಬರೆಯುತ್ತಿದ್ದೇನೆ. ಕೈಯಲ್ಲಿ ಕೆಲಸ ಇತ್ತು, ಅದಕ್ಕೇ.

ನಮ್ಮ ಮನೆಯ ಹಿಂದೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಹಳೆಯ ಆವರಣ ಗೋಡೆ ಉಂಟು, ಗಾರೆ ಬಳಿದದ್ದಲ್ಲ. ಪಾತ್ರೆ ತೊಳೆಯುವಾಗ ದಿನಾ ಅದೇ ಎದುರಿಗೆ. ಒಂದು ದಿನ ಮಳೆ ಬಿಟ್ಟಾಗ ಆ ಒಂಬತ್ತು ಕಿಂಡಿಯ ಕಾಗದ ಹಿಡಿದುಕೊಂಡು ಹೋಗಿ ಗೋಡೆಗೆ ಒತ್ತಿದೆ.

ಮುರಕಲ್ಲಿನ ತೂತು ದುಂಡಗಿಲ್ಲ. ಒಂದರೊಳಗೆ ಇನ್ನೊಂದು, ಹುಳ ಕೊರೆದ ಹಾಗೆ ಒಳಗೆ ತಿರುಗಿ ಹೋಗುತ್ತದೆ. ಅಂಚಿನಲ್ಲಿ ಕಲ್ಲು ಹಳದಿ, ಒಳಗೆ ಕಡು ಕೆಂಪು, ನೀರು ನಿಂತಲ್ಲಿ ಹೆಚ್ಚುಕಡಿಮೆ ನೇರಳೆ. ಪಾಚಿ ಎಲ್ಲ ಕಡೆ ಹಸಿರು ಅಂದುಕೊಂಡಿದ್ದೆ. ತೂತಿನ ಮೇಲಿನ ತುಟಿಯಲ್ಲಿ ಪಾಚಿ ಇಲ್ಲ, ಕೆಳಗಿನ ತುಟಿಯಲ್ಲಿ ಮಾತ್ರ. ನೀರು ನಿಲ್ಲುವುದು ಅಲ್ಲಿ ತಾನೇ. ಒಂದು ತೂತಿನಲ್ಲಿ ಉಗುರಿನಷ್ಟು ದೊಡ್ಡ ಜರಿಗಿಡ, ಅದರ ತುದಿ ಇನ್ನೂ ಸುರುಳಿ ಬಿಚ್ಚಿರಲಿಲ್ಲ. ಕೊಡೆ ಹಿಡಿದು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಳಗಿನಿಂದ ಯಜಮಾನರು ಎರಡು ಸಲ ಕರೆದರಂತೆ.

ಐದನೇ ಕಿಂಡಿ ಆರಿಸಿಕೊಂಡೆ. ಇಟ್ಟಿಗೆ ಬಣ್ಣದ ಕಾಟನ್ ಬಟ್ಟೆ. ತೂತಿಗೆ ಸುತ್ತಲೂ ಚೈನ್ ಸ್ಟಿಚ್, ಒಳಗೆ ಹೋದ ಹಾಗೆ ಎಳೆ ಕಡಿಮೆ ಮಾಡುತ್ತ, ಬಣ್ಣ ಕಡು ಮಾಡುತ್ತ. ಪಾಚಿಗೆ ಚುಟ್ಟಿಯ ಹಾಗೆ ಫ್ರೆಂಚ್ ನಾಟ್, ಕೆಳಗಿನ ತುಟಿಯಲ್ಲಿ ಮಾತ್ರ, ಒತ್ತೊತ್ತಾಗಿ. ಜರಿಗಿಡದ ಸುರುಳಿಗೆ ಒಂದೇ ಎಳೆ. ಎರಡು ಸಲ ಬಿಚ್ಚಿದೆ. ಮೊದಲ ಸಲ ಎಲ್ಲ ತೂತೂ ಒಂದೇ ಅಳತೆ ಬಂದಿತ್ತು, ಹಳೆಯ ಕೈ ಅಭ್ಯಾಸ. ಇಪ್ಪತ್ತಮೂರು ದಿನ ಹಿಡಿಯಿತು. ಅಂಗೈ ಅಗಲದ ಬಟ್ಟೆ ಅಷ್ಟೆ. ಹನ್ನೊಂದು ವರ್ಷದಲ್ಲಿ ನನ್ನದು ಅನ್ನಿಸಿದ ಮೊದಲ ಕೆಲಸ. ರಾತ್ರಿ ಎದ್ದು ದೀಪ ಹಾಕಿ ನೋಡಿದ್ದೇನೆ.

ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಅಂಚು ಏನು ಮಾಡಲಿ? ಲೇಸ್ ಹಾಕಿದರೆ ಗೋಡೆಗೆ ಬಾಗಿಲು ಪರದೆ ಕಟ್ಟಿದ ಹಾಗೆ ಕಾಣುತ್ತದೆ. ಸುಮ್ನೆ ಮಡಚಿ ಹೊಲಿದರೆ ಬೋಳು. ಟೀಚರ್, ನೀವು ಹೇಳಬೇಕು. ಫೋಟೋ ಹಾಕಿದ್ದೇನೆ.

ಮಲ್ಪೆ ಕಡಲಕರೆ | ಆಗಸ್ಟ್ 11

ಅಕ್ಕ! ಅತ್ತೆಗೆ ತೋರಿಸಿದೆ. "ಇದು ಮುರಕಲ್ಲೇ" ಅಂದರು. ಬೋಟ್ ಎಲ್ಲ ಇಳಿದಿವೆ, ಒಂದು ದಿನ ಬೆಳಿಗ್ಗೆ ಬಂದರಿಗೆ ಬನ್ನಿ.

ಬೆಂದೂರಿನ ಕ್ರೋಶಾ ಟೀಚರ್ | ಆಗಸ್ಟ್ 12

ಫೋಟೋದಲ್ಲಿ ನೋಡಿ ಅಂಚು ಹೇಳಲಿಕ್ಕೆ ಆಗುವುದಿಲ್ಲ ಮಗಳೇ. ಬಟ್ಟೆ ತೆಗೆದುಕೊಂಡು ಮನೆಗೆ ಬಾ. ಭಾನುವಾರ ಪೂಜೆ ಮುಗಿಸಿ ಹತ್ತು ಗಂಟೆಗೆ ನಾನು ಮನೆಯಲ್ಲಿ ಇರುತ್ತೇನೆ. ಗೋಡೆಯಿಂದ ಉದುರಿದ ಒಂದು ಕಲ್ಲಿನ ಚೂರು ಸಿಕ್ಕಿದರೆ ಅದನ್ನೂ ತಾ.